ಹಳೇ ಮನೆಯ ಚಿಮಣಿ ಸೋರುತ್ತಿದೆಯಾ? ಸೀಲೆಂಟ್ ಟ್ಯೂಬ್ ಆಮೇಲೆ ತನ್ನಿ

ಚಿಮಣಿ ಪಕ್ಕದ ಸೀಲಿಂಗ್‌ನಲ್ಲಿ ಕಂದು ಕಲೆ ಕಂಡಿತು ಅಂದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಒಂದು ಟ್ಯೂಬ್ ಸೀಲೆಂಟ್ ತರುತ್ತಾರೆ, ಚಾವಣಿ ಹತ್ತುತ್ತಾರೆ, ಬಿರುಕು ಕಂಡಲ್ಲೆಲ್ಲ ಬಳಿದು ಇಳಿಯುತ್ತಾರೆ. ನಾಲ್ಕು ಮಳೆ ಏನೂ ಆಗದೆ ಕಳೆಯುತ್ತದೆ. ಆಮೇಲೆ ಕಲೆ ಮತ್ತೆ ಬರುತ್ತದೆ, ಅದೂ ಮೊದಲಿಗಿಂತ ದೊಡ್ಡದಾಗಿ, ಯಾಕೆಂದರೆ ಒಳಗೆ ಹೋದ ನೀರು ಒಣಗಿ ಹೊರಗೆ ಹೋಗುವ ದಾರಿಯನ್ನು ನಾವೇ ಮುಚ್ಚಿರುತ್ತೇವೆ.

ಹಳೇ ಚಿಮಣಿಗಳನ್ನು ಕಟ್ಟುವಾಗ ಸೀಲೆಂಟ್ ಇರಲೇ ಇಲ್ಲ. ಅವು ಮಳೆಯನ್ನು ತಡೆಯುವುದು ಎರಡೇ ಉಪಾಯದಿಂದ. ಒಂದು, ಚಿಮಣಿ ಮತ್ತು ಚಾವಣಿ ಸೇರುವ ಕಡೆ ಮೇಲಿನ ತಗಡು ಕೆಳಗಿನ ತಗಡನ್ನು ಹೊದ್ದುಕೊಂಡಿರುತ್ತದೆ, ಹಾಗಾಗಿ ನೀರು ಜಾರಿ ಹೋಗುತ್ತದೆ. ಇನ್ನೊಂದು, ಇಟ್ಟಿಗೆ ಮತ್ತು ಗಾರೆ ಸ್ವಲ್ಪ ನೀರು ಕುಡಿದರೂ ಗಾಳಿ, ಬಿಸಿಲು ತಾಗಿದಾಗ ಒಣಗುತ್ತವೆ. ಇವೆರಡನ್ನೂ ಮತ್ತೆ ಮೊದಲಿನ ಹಾಗೆ ಮಾಡುವುದೇ ರಿಪೇರಿ. ಅಂಟು ಹಚ್ಚುವ ಕೆಲಸ ಇದರಲ್ಲಿ ಬಹಳ ಕಡಿಮೆ.

ನೀರು ಬರುತ್ತಿರುವುದು ಎಲ್ಲಿಂದ?

ಕಲೆ ಇರುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ನೀರು ಚಾವಣಿಯ ಮೇಲ್ಭಾಗದಲ್ಲಿ ಎಲ್ಲೋ ಒಳಗೆ ಬಂದು, ಮರದ ತೊಲೆ ಹಿಡಿದು ಇಳಿದು, ಚಿಮಣಿ ಸಿಕ್ಕಲ್ಲಿ ನಿಂತು ತೊಟ್ಟಿಕ್ಕುತ್ತಿರಬಹುದು. ಅಂಥ ಮನೆಯಲ್ಲಿ ಚಿಮಣಿಯನ್ನು ಎಷ್ಟು ರಿಪೇರಿ ಮಾಡಿದರೂ ಸುಮ್ನೆ ದುಡ್ಡು ದಂಡ.

ಮೊದಲು ಕಲೆ ಯಾವಾಗ ಒದ್ದೆಯಾಗುತ್ತದೆ ಅಂತ ಗಮನಿಸಿ. ಮಳೆ ಶುರುವಾದ ಕೂಡಲೇ, ಗಾಳಿ ಇಲ್ಲದಿದ್ದರೂ ನೀರು ಬಂದರೆ ಚಿಮಣಿಯ ತಲೆಯ ಮೇಲೆ ಅನುಮಾನ. ಒಂದು ದಿಕ್ಕಿನಿಂದ ಗಾಳಿ ಹೊಡೆದಾಗ ಮಾತ್ರ ಬಂದರೆ ಆ ಬದಿಯ ಸಂದುಗಳು ಅಥವಾ ಆ ಬದಿಯ ತಗಡು ನೋಡಿ. ದಿನವಿಡೀ ಮಳೆ ಸುರಿದು, ನಿಂತ ಮೇಲೆ, ನಿಧಾನವಾಗಿ ತೇವ ಹರಡಿದರೆ ಇಟ್ಟಿಗೆಯೇ ನೀರು ಕುಡಿದು ಕೆಳಗಿಳಿಸುತ್ತಿದೆ ಅಂತ ಅರ್ಥ.

ಮಳೆಯೇ ಇಲ್ಲದಾಗ ಕಲೆ ಒದ್ದೆಯಾಗುವುದೂ ಉಂಟು. ಅದು ಸೋರಿಕೆಯೇ ಅಲ್ಲ. ವರ್ಷಗಟ್ಟಲೆ ಕಲ್ಲಿದ್ದಲು, ಸೌದೆ ಉರಿಸಿದ ಚಿಮಣಿಯ ಗೋಡೆಯೊಳಗೆ ಮಸಿಯ ಜೊತೆ ಲವಣಗಳು ಸೇರಿರುತ್ತವೆ. ಅವು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತವೆ. ಹಾಗಾಗಿ ಸೆಕೆ, ಮೋಡದ ದಿನ ಗೋಡೆ ಒದ್ದೆ, ಒಣ ದಿನ ಗೋಡೆ ಒಣ. ಇದಕ್ಕೆ ಚಾವಣಿ ಹತ್ತಿ ಪ್ರಯೋಜನವಿಲ್ಲ. ಆ ಭಾಗದ ಗಿಲಾವು ಕೆತ್ತಿ ತೆಗೆದು, ಗೋಡೆ ಒಣಗಲು ಬಿಟ್ಟು, ಹೊಸದಾಗಿ ಗಿಲಾವು ಮಾಡಬೇಕು. ಮೇಲಿಂದ ಬರೀ ಬಣ್ಣ ಬಳಿದರೆ ಕಲೆ ಮತ್ತೆ ಮೂಡಿಯೇ ಮೂಡುತ್ತದೆ.

ಬೆಂಕಿ ಹಾಕಿದಾಗ ಮಾತ್ರ ತೇವ ಬರುತ್ತಿದ್ದರೆ ಅದು ಇನ್ನೊಂದು ಕಥೆ. ಹೊಗೆಯಲ್ಲಿರುವ ಆವಿ ತಣ್ಣನೆಯ ಹೊಗೆದಾರಿಯ ಗೋಡೆಗೆ ತಾಗಿ ನೀರಾಗುತ್ತಿರುತ್ತದೆ. ಹಳೇ ಅಗಲವಾದ ಚಿಮಣಿಗೆ ಹೊಸ ಗ್ಯಾಸ್ ಉಪಕರಣ ಜೋಡಿಸಿದ ಮನೆಗಳಲ್ಲಿ ಇದು ಜಾಸ್ತಿ. ಆ ನೀರಿಗೆ ಆಮ್ಲದ ಗುಣ ಇರುವುದರಿಂದ ಅದು ಗಾರೆಯನ್ನು ಒಳಗಿಂದಲೇ ತಿನ್ನುತ್ತದೆ. ಇದಕ್ಕೆ ಆ ಉಪಕರಣಕ್ಕೆ ಸರಿಹೊಂದುವ ಅಳತೆಯ ಲೈನರ್, ಅಂದರೆ ಹೊಗೆದಾರಿಯೊಳಗೆ ಕೂರುವ ಒಳಕೊಳವೆ, ಹಾಕಿಸಬೇಕು. ಅದು ನೀವು ಮನೆಯಲ್ಲಿ ಮಾಡುವ ಕೆಲಸವಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಗೊತ್ತಾಗಲಿಲ್ಲವಾ? ಒಣ ದಿನ ನೋಡಿ ಪೈಪ್ ಪರೀಕ್ಷೆ ಮಾಡಿ. ಒಬ್ಬರು ಅಟ್ಟದಲ್ಲಿ ಟಾರ್ಚ್ ಹಿಡಿದು ಕೂರಬೇಕು, ಒಬ್ಬರು ಮೇಲೆ ನೀರು ಬಿಡಬೇಕು. ಮುಖ್ಯವಾದ ಮಾತು: ಕೆಳಗಿನಿಂದ ಶುರು ಮಾಡಿ. ಮೊದಲು ಚಿಮಣಿಯ ಕೆಳಗಿನ ಚಾವಣಿ, ಆಮೇಲೆ ಬುಡದ ತಗಡು, ಆಮೇಲೆ ಬದಿಗಳು, ಹಿಂಭಾಗ, ಆಮೇಲೆ ಇಟ್ಟಿಗೆಯ ಮೈ, ಕೊನೆಗೆ ತಲೆ. ಒಂದೊಂದು ಜಾಗಕ್ಕೂ 10ರಿಂದ 15 ನಿಮಿಷ ಕೊಡಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಬಂದು ಯಾವುದು ಸೋರಿತು ಅಂತ ತಿಳಿಯುವುದೇ ಇಲ್ಲ. ನೀರು ಜೋರಾಗಿ ಚಿಮ್ಮಿಸಬೇಡಿ, ಮಳೆಯ ಹಾಗೆ ಬೀಳಲಿ. ಪ್ರೆಶರ್ ವಾಷರ್ ಅಂತೂ ಹತ್ತಿರವೂ ತರಬೇಡಿ, ಹಳೇ ಗಾರೆ ಅದರ ಹೊಡೆತಕ್ಕೇ ಕಿತ್ತು ಬರುತ್ತದೆ.

ಹತ್ತುವ ಮೊದಲು

ಇಡೀ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಇಲ್ಲೇ. ಏಣಿಯ ಬುಡ ಗೋಡೆಯಿಂದ, ಎತ್ತರದ ನಾಲ್ಕನೇ ಒಂದು ಭಾಗದಷ್ಟು ದೂರ ಇರಬೇಕು, ಅಂದರೆ 4 ಮೀಟರ್ ಎತ್ತರಕ್ಕೆ 1 ಮೀಟರ್. ಏಣಿಯ ತುದಿ ಚಾವಣಿಯ ಅಂಚಿಗಿಂತ ಸುಮಾರು 1 ಮೀಟರ್ ಮೇಲಿರಲಿ, ಮೇಲೆ ಕಟ್ಟಿರಿ. ಇಳಿಜಾರಿನ ಮೇಲೆ ನಡೆಯಲು ಚಾವಣಿಯ ನೆತ್ತಿಗೆ ಕೊಕ್ಕೆ ಹಾಕುವ ಏಣಿ ಬೇಕು. ಸುರಕ್ಷತಾ ಹಗ್ಗವನ್ನು ಚಿಮಣಿಗೆ ಕಟ್ಟಬೇಡಿ, ಏಣಿಯನ್ನೂ ಅದಕ್ಕೆ ಒರಗಿಸಬೇಡಿ. ರಿಪೇರಿ ಬೇಕಾಗಿರುವ ಚಿಮಣಿಯೇ ನಿಮ್ಮ ಭಾರ ಹೊರುತ್ತದೆ ಅಂತ ನಂಬುವುದು ಹೇಗೆ ಅಲ್ವಾ? ತಗಡು ಬದಲಿಸುವಂಥ, ಸಂದುಗಳನ್ನೆಲ್ಲ ತುಂಬುವಂಥ ದೊಡ್ಡ ಕೆಲಸವಾದರೆ ಸಾರುವೆ ಹಾಕಿಸಿಯೇ ಮಾಡಿ, ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಲ್ಲಿ ಗಾರೆ ತುಂಬಲು ಆಗುವುದಿಲ್ಲ.

ಕೆಳಗೆ ನಿಂತು ಒಮ್ಮೆ ಚಿಮಣಿ ನೆಟ್ಟಗಿದೆಯಾ ನೋಡಿ. ಹೆಚ್ಚು ಒದ್ದೆಯಾಗುವ ಬದಿಯ ಗಾರೆ, ಹೊಗೆಯಿಂದ ಬಂದ ಸಲ್ಫೇಟ್ ಲವಣ ಸೇರಿ ಉಬ್ಬುತ್ತದೆ. ಆಗ ಚಿಮಣಿ ಎದುರು ಬದಿಗೆ ಬಾಗುತ್ತದೆ. ಬಾಗಿದ ಚಿಮಣಿಗೆ ಸಂದು ತುಂಬಿ ಏನೂ ಆಗದು. ಅದನ್ನು ಚಾವಣಿಯ ಮಟ್ಟದವರೆಗೆ ಬಿಚ್ಚಿ ಮತ್ತೆ ಕಟ್ಟಬೇಕು, ಅದಕ್ಕೆ ಅನುಭವ ಇರುವ ಮೇಸ್ತ್ರಿಯನ್ನೇ ಕರೆಯಿರಿ.

ಒಲೆ ಪೂರ್ತಿ ಆರಿರಬೇಕು. ಗಾರೆ ಕೆತ್ತುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಚಿಮಣಿಯಲ್ಲಿ ಬೂದು ಬಣ್ಣದ ಹಳೇ ಸಿಮೆಂಟ್ ಪೈಪ್ ಕಂಡರೆ ಅದರಲ್ಲಿ ಶ್ವಾಸಕೋಶಕ್ಕೆ ಅಪಾಯ ತರುವ ಆಸ್‌ಬೆಸ್ಟಾಸ್ ಇರಬಹುದು. ಅದನ್ನು ಕೊರೆಯಬೇಡಿ, ಒಡೆಯಬೇಡಿ.

ತಲೆಯಿಂದ ಶುರು

ಪರೀಕ್ಷೆ ಕೆಳಗಿನಿಂದ ಮೇಲಕ್ಕೆ, ರಿಪೇರಿ ಮೇಲಿನಿಂದ ಕೆಳಕ್ಕೆ. ಮೇಲೆ ಕೆತ್ತಿದ ಚೂರು ಕೆಳಗಿನ ಹೊಸ ಕೆಲಸದ ಮೇಲೆ ಬೀಳಬಾರದಲ್ಲ.

ಚಿಮಣಿಯ ತುದಿಯಲ್ಲಿ ಇಟ್ಟಿಗೆಯನ್ನು ಮುಚ್ಚುವ ಒಂದು ಸಿಮೆಂಟ್ ಹಾಸು ಇರುತ್ತದೆ, ಅದರ ಮಧ್ಯದಿಂದ ಹೊಗೆಕೊಳವೆ ಮೇಲೆ ಬಂದಿರುತ್ತದೆ. ಹಳೇ ಮನೆಗಳಲ್ಲಿ ಉಳಿದ ಗಾರೆಯನ್ನೇ ತೆಳ್ಳಗೆ ಬಳಿದು ಈ ಹಾಸು ಮಾಡಿರುತ್ತಾರೆ. ಅದು ಬಿರುಕು ಬಿಡದೆ ಇನ್ನೇನು ಮಾಡುತ್ತದೆ? ಕೊಳವೆ ಬಿಸಿಯಾದಾಗ ಹಿಗ್ಗುತ್ತದೆ, ಹಾಸು ಹಿಗ್ಗುವುದಿಲ್ಲ, ಕೊಳವೆಯ ಸುತ್ತ ಮೊದಲ ಬಿರುಕು ಬೀಳುತ್ತದೆ.

ಕೂದಲೆಳೆಯಷ್ಟು ಬಿರುಕಾದರೆ ಚಿಮಣಿ ತಲೆಗೆಂದೇ ಸಿಗುವ, ಬ್ರಷ್‌ನಲ್ಲಿ ಬಳಿಯುವ ರಬ್ಬರಿನಂಥ ಲೇಪ ಸಾಕು. ವೈರ್ ಬ್ರಷ್‌ನಿಂದ ಉಜ್ಜಿ, ಧೂಳು, ಪಾಚಿ ತೆಗೆದು, ಪೂರ್ತಿ ಒಣಗಿದ ಮೇಲೆ ಎರಡು ಕೋಟು ಹಾಕಿ. ತುಂಡು ಅಲುಗಾಡುತ್ತಿದ್ದರೆ, ಬೆರಳು ಹೋಗುವಷ್ಟು ಬಿರುಕಿದ್ದರೆ ಲೇಪದ ಆಸೆ ಬಿಡಿ. ಒಡೆದು ತೆಗೆದು ಕಾಂಕ್ರೀಟಿನಲ್ಲಿ ಹೊಸದಾಗಿ ಎರಕ ಹೊಯ್ಯಬೇಕು. ಅಂಚಿನಲ್ಲೂ ಕನಿಷ್ಠ 50 ಮಿ.ಮೀ. ದಪ್ಪ ಇರಲಿ, ಕೊಳವೆಯಿಂದ ಹೊರಕ್ಕೆ ಇಳಿಜಾರು ಇರಲಿ, ಇಟ್ಟಿಗೆಗಿಂತ 50 ಮಿ.ಮೀ.ನಷ್ಟು ಹೊರಗೆ ಚಾಚಿರಲಿ. ಚಾಚಿದ ಭಾಗದ ಅಡಿಯಲ್ಲಿ ಸುತ್ತಲೂ ಒಂದು ಸಣ್ಣ ತೋಡು ಬಿಡಿ. ಅದಿಲ್ಲದಿದ್ದರೆ ನೀರು ಅಡಿಯಲ್ಲೇ ಅಂಟಿಕೊಂಡು ಒಳಗೆ ಹರಿದು ಇಟ್ಟಿಗೆಯ ಮೈಮೇಲೆ ಇಳಿಯುತ್ತದೆ. ತೋಡು ಇದ್ದರೆ ಅಲ್ಲೇ ಹನಿಯಾಗಿ ಬೀಳುತ್ತದೆ. ಎರಕ ಹೊಯ್ಯುವ ಮೊದಲು ಇಟ್ಟಿಗೆಯ ಮೇಲೆ ಟಾರು ಹಾಳೆ ಹಾಸಿದರೆ ಹಾಸು ಮತ್ತು ಇಟ್ಟಿಗೆ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗಲು ಅನುಕೂಲ. ಕೊಳವೆಯ ಸುತ್ತ ಬೆರಳಗಲ ಖಾಲಿ ಬಿಟ್ಟು, ಶಾಖ ತಡೆಯುವ ಫೋಮ್ ಹಗ್ಗ ತುಂಬಿ, ಮೇಲೆ ಶಾಖ ತಡೆಯುವ ಸಿಲಿಕೋನ್ ಹಾಕಿ. ನಿಮ್ಮ ಸೀಲೆಂಟ್ ಟ್ಯೂಬಿಗೆ ನಿಜವಾಗಿ ಕೆಲಸ ಇರುವ ಒಂದು ಜಾಗ ಇದು.

ಕೊಳವೆಯ ಬಾಯಿಗೆ ಮುಚ್ಚಳ ಇಲ್ಲದಿದ್ದರೆ ಜಾಲರಿ ಇರುವ ಸ್ಟೇನ್‌ಲೆಸ್ ಸ್ಟೀಲ್ ಮುಚ್ಚಳ ಹಾಕಿ. ಮಳೆ, ಹಕ್ಕಿ ಎರಡೂ ನಿಲ್ಲುತ್ತವೆ. ಆದರೆ ಬಳಕೆಯಲ್ಲಿರುವ ಒಲೆಗೆ ಯಾವ ಮುಚ್ಚಳ ಹೊಂದುತ್ತದೆ ಅಂತ ಕೇಳಿಯೇ ಹಾಕಿ, ಹೊಗೆ ಸರಾಗ ಹೋಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ಬರುತ್ತದೆ. ಬಳಸದೆ ಬಿಟ್ಟ ಚಿಮಣಿಯನ್ನು ಮೇಲೆ ಕೆಳಗೆ ಎರಡೂ ಕಡೆ ಬಿಗಿಯಾಗಿ ಮುಚ್ಚುವವರಿದ್ದಾರೆ. ಒಳಗಿನ ತೇವಕ್ಕೆ ಹೋಗಲು ದಾರಿಯೇ ಇಲ್ಲದೆ ಗೋಡೆ ಬೆವರುತ್ತದೆ. ಮೇಲೆ ಗಾಳಿ ಆಡುವ ಮುಚ್ಚಳ, ಕೆಳಗೆ ಒಲೆ ಇದ್ದ ಜಾಗದಲ್ಲಿ ಗಾಳಿ ಕಿಂಡಿ, ಎರಡೂ ಬೇಕು.

ಇಟ್ಟಿಗೆ ಸಂದುಗಳು

ಹಳೇ ಮನೆಗಳು ಹೆಚ್ಚು ಹಾಳಾಗುವುದು ಈ ಹಂತದಲ್ಲಿ, ಅದೂ ರಿಪೇರಿ ಮಾಡುವವರ ಕೈಯಿಂದ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ, ಆದರೆ ಅದಾಗಿ ಬಹಳ ಕಾಲದವರೆಗೂ, 20ನೇ ಶತಮಾನದ ಆರಂಭದವರೆಗೂ, ಮನೆಗಳನ್ನು ಸುಣ್ಣದ ಗಾರೆಯಲ್ಲೇ ಕಟ್ಟುತ್ತಿದ್ದರು. ಆ ಗಾರೆ ಇಟ್ಟಿಗೆಗಿಂತ ಮೆದು. ಗೋಡೆ ಸ್ವಲ್ಪ ಅಲುಗಿದರೆ ಸಹಿಸುತ್ತದೆ, ಒಳಗಿನ ತೇವವನ್ನು ತನ್ನ ಮೂಲಕ ಹೊರಬಿಡುತ್ತದೆ. ಅದರ ಜಾಗಕ್ಕೆ ಗಟ್ಟಿ ಸಿಮೆಂಟ್ ತುಂಬಿದರೆ ತೇವಕ್ಕೆ ಸಂದಿನಲ್ಲಿ ದಾರಿ ಇಲ್ಲ, ಅದು ಇಟ್ಟಿಗೆಯ ಮೈಯಿಂದಲೇ ಹೊರಬರಬೇಕು, ಬರುವಾಗ ಲವಣ ತರುತ್ತದೆ, ಚಳಿ ಪ್ರದೇಶವಾದರೆ ಅಲ್ಲೇ ಹೆಪ್ಪುಗಟ್ಟುತ್ತದೆ, ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ. ಸಂದು ಮಾತ್ರ ಗಟ್ಟಿಮುಟ್ಟಾಗಿ ಉಳಿದು ಇಟ್ಟಿಗೆ ಸವೆದುಹೋದ ಚಿಮಣಿ ಕಂಡರೆ ಇದೇ ಕಾರಣ ಅಂತ ತಿಳಿಯಿರಿ.

ನಿಮ್ಮದು ಯಾವ ಗಾರೆ ಅಂತ ನೋಡಲು ಮೊಳೆಯಿಂದ ಕೆರೆಯಿರಿ. ಪುಡಿಪುಡಿಯಾಗಿ ಉದುರಿ, ನಡುವೆ ಬಿಳಿ ಸುಣ್ಣದ ಚಿಕ್ಕ ಗಂಟುಗಳು ಕಂಡರೆ ಸುಣ್ಣದ ಗಾರೆ. ಮೊಳೆಗೂ ಜಗ್ಗದೆ ಬೂದು ಬಣ್ಣ ಇದ್ದರೆ ಸಿಮೆಂಟು. ಸುಣ್ಣದ ಗಾರೆಯ ಚಿಮಣಿಗೆ ಸುಣ್ಣದ ಗಾರೆಯನ್ನೇ ತುಂಬಿ. ಚಿಮಣಿ ಗಾಳಿ ಮಳೆಗೆ ಪೂರ್ತಿ ಒಡ್ಡಿಕೊಂಡಿರುವುದರಿಂದ ನೀರಿನಲ್ಲೂ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ (ಇಂಗ್ಲಿಷಿನಲ್ಲಿ ನ್ಯಾಚುರಲ್ ಹೈಡ್ರಾಲಿಕ್ ಲೈಮ್) ಬೇಕು. ಚೀಲದ ಮೇಲೆ ಎನ್‌ಎಚ್‌ಎಲ್ 3.5 ಅಂತ ಇರುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಒರಟು ಮರಳು ಸರಿ. ಇಟ್ಟಿಗೆ ಗಟ್ಟಿ ಇದ್ದು ಮೊದಲೇ ಸಿಮೆಂಟ್ ಬೆರೆಸಿ ಕಟ್ಟಿದ್ದರೆ ಸಿಮೆಂಟ್ 1, ಸುಣ್ಣ 1, ಮರಳು 6 ಪಾಲಿನ ಮಿಶ್ರಣ ನಡೆಯುತ್ತದೆ. ಬರೀ ಸಿಮೆಂಟ್, ಮರಳು ಬೇಡ.

ಹಳೇ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ತೆಗೆಯಬೇಕು. 10 ಮಿ.ಮೀ. ಸಂದಾದರೆ 20ರಿಂದ 25 ಮಿ.ಮೀ. ಮೇಲೆ ಮೇಲೆ ಕೆರೆದು ತೆಳ್ಳಗೆ ಬಳಿದ ಗಾರೆ ಒಂದೆರಡು ವರ್ಷದಲ್ಲಿ ಸಿಪ್ಪೆಯಾಗಿ ಬೀಳುತ್ತದೆ. ತೆಳ್ಳನೆ ಉಳಿ, ಸುತ್ತಿಗೆ ಹಿಡಿದು ಮಾಡುವುದೇ ಒಳ್ಳೆಯದು. ಗ್ರೈಂಡರ್ ವೇಗ ಹೌದು, ಆದರೆ ಒಂದು ಕ್ಷಣ ಕೈ ಜಾರಿದರೆ ಇಟ್ಟಿಗೆಯ ಅಂಚು ಹೋಯಿತು. ಲಂಬ ಸಂದುಗಳಲ್ಲಿ ಅದು ಆಗದೆ ಇರುವುದೇ ಕಷ್ಟ. ಒಂದೇ ಸಲಕ್ಕೆ ನಾಲ್ಕೂ ಬದಿ ಕೆತ್ತಿಡಬೇಡಿ. ಒಂದು ಬದಿ ಕೆತ್ತಿ, ತುಂಬಿ, ಆಮೇಲೆ ಇನ್ನೊಂದು.

ಕೆತ್ತಿದ ಸಂದಿನ ತಳ ಚೌಕವಾಗಿರಲಿ, ವಿ ಆಕಾರ ಬೇಡ. ಧೂಳು ಬ್ರಷ್‌ನಿಂದ ತೆಗೆದು ನೀರು ಚಿಮುಕಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ, ಆಗ ಗಾರೆ ಗಟ್ಟಿಯಾಗುವುದೇ ಇಲ್ಲ. ಹಾಗಂತ ನೀರು ತೊಟ್ಟಿಕ್ಕಲೂ ಬಾರದು. ಗಾರೆ ಗಟ್ಟಿಯಾಗಿಯೇ ಇರಲಿ, ಉಂಡೆ ಕಟ್ಟಿದರೆ ನಿಲ್ಲುವಷ್ಟು. ಕಿರಿದಾದ ಕರಣೆಯಿಂದ 6ರಿಂದ 8 ಮಿ.ಮೀ. ಪದರ ಪದರವಾಗಿ ಒತ್ತಿ ತುಂಬಿ, ಒಂದು ಪದರ ಸ್ವಲ್ಪ ಬಿಗಿಯಾದ ಮೇಲೆ ಮುಂದಿನದು. ಹೆಬ್ಬೆರಳು ಒತ್ತಿದರೆ ಗುರುತು ಮಾತ್ರ ಬೀಳುವ ಹದಕ್ಕೆ ಬಂದಾಗ ಸಂದನ್ನು ಸ್ವಲ್ಪ ಒಳಬಾಗುವಂತೆ ತೀಡಿ. ಇಟ್ಟಿಗೆಯ ಅಂಚಿನ ಮೇಲೆ ಗಾರೆ ಹತ್ತಿಸಬೇಡಿ, ಆ ತೆಳು ಅಂಚು ಮೊದಲು ಒಡೆಯುತ್ತದೆ, ನೀರು ಅಲ್ಲೇ ನಿಲ್ಲುತ್ತದೆ.

ಆಮೇಲೆ ಒದ್ದೆ ಗೋಣಿ ಹೊದಿಸಿ ಒಂದು ವಾರ ತೇವ ಆರದಂತೆ ನೋಡಿಕೊಳ್ಳಿ. ಸುಡು ಬಿಸಿಲೂ ಬೇಡ, ಜೋರು ಮಳೆಯೂ ಬೇಡ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿಯಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ.

ಮುಖ ಉದುರಿದ ಇಟ್ಟಿಗೆ ಅಲ್ಲಲ್ಲಿ ಒಂದೊಂದು ಇದ್ದರೆ ಸುತ್ತಲಿನ ಗಾರೆ ಕೆತ್ತಿ, ಅದನ್ನು ತೆಗೆದು, ಅದೇ ಅಳತೆಯ, ಅಷ್ಟೇ ಮೆದುವಾದ ಇಟ್ಟಿಗೆ ಕೂರಿಸಿ. ಒಂದು ಬದಿಯಲ್ಲಿ ಅರ್ಧಕ್ಕರ್ಧ ಹೋಗಿದ್ದರೆ ಬಿಡಿ ಬಿಡಿಯಾಗಿ ಬದಲಿಸುತ್ತಾ ಕೂರುವುದಕ್ಕಿಂತ ಬಿಚ್ಚಿ ಕಟ್ಟುವುದೇ ಮೇಲು.

ಬುಡದ ತಗಡು

ಚಿಮಣಿ ಮತ್ತು ಚಾವಣಿ ಸೇರುವ ಕಡೆ ಇರುವ ತಗಡಿಗೆ ಫ್ಲ್ಯಾಷಿಂಗ್ ಅನ್ನುತ್ತಾರೆ. ಸೋರುವ ಚಿಮಣಿಯಲ್ಲಿ ನಾನು ಮೊದಲು ನೋಡುವುದು ಇದನ್ನೇ. ಚಿಮಣಿ ತನ್ನದೇ ಅಡಿಪಾಯದ ಮೇಲೆ ನಿಂತಿರುತ್ತದೆ, ಚಾವಣಿ ಮರದ ಮೇಲೆ. ಎರಡೂ ಒಂದೇ ರೀತಿ ಅಲುಗುವುದಿಲ್ಲ. ಅದಕ್ಕೇ ಇಲ್ಲಿ ತಗಡು ಎರಡು ಪದರ. ಕೆಳಗಿನ ಪದರ ಚಾವಣಿಗೆ ಸೇರಿದ್ದು, ಎಲ್ ಆಕಾರದ ತುಂಡುಗಳು ಒಂದೊಂದು ಸಾಲು ಹೆಂಚಿನ ನಡುವೆ ಸೇರಿ, ಮೀನಿನ ಹುರುಪೆಯ ಹಾಗೆ ಮೇಲಿನದು ಕೆಳಗಿನದನ್ನು ಹೊದ್ದು, ಮೆಟ್ಟಿಲಂತೆ ಏರುತ್ತವೆ. ಮೇಲಿನ ಪದರ ಚಿಮಣಿಗೆ ಸೇರಿದ್ದು, ಅದರ ತುದಿ ಇಟ್ಟಿಗೆ ಸಂದಿನೊಳಗೆ ಹೋಗಿ, ಉಳಿದ ಭಾಗ ಕೆಳಗಿನ ಪದರದ ಮೇಲೆ ಇಳಿಬಿದ್ದಿರುತ್ತದೆ. ಎರಡನ್ನೂ ಸೇರಿಸಿ ಮೊಳೆ ಹೊಡೆಯಬಾರದು. ಹೊಡೆದರೆ ಅಲುಗಾಟಕ್ಕೆ ತಗಡು ಹರಿಯುತ್ತದೆ.

ಇದರ ಮೇಲೆ ಟಾರು ಮೆತ್ತಿರುವುದು ಕಂಡರೆ ಮೊದಲು ಅದನ್ನು ಕೆರೆದು ತೆಗೆಯಿರಿ. ಬಿಸಿಲಿಗೆ ಟಾರು ಒಣಗಿ ಸೀಳುತ್ತದೆ, ಸೀಳಿನಲ್ಲಿ ನೀರು ಕೂರುತ್ತದೆ, ಅಡಿಯಲ್ಲಿ ತಗಡು ತುಕ್ಕು ಹಿಡಿದರೂ ಕಾಣುವುದಿಲ್ಲ. ತಗಡು ಚೆನ್ನಾಗಿದ್ದು ತುದಿ ಮಾತ್ರ ಸಂದಿನಿಂದ ಕಿತ್ತು ಬಂದಿದ್ದರೆ ಕೆಲಸ ಸುಲಭ. ಸಂದನ್ನು 25 ಮಿ.ಮೀ. ಆಳಕ್ಕೆ ಕೆತ್ತಿ, ತುದಿಯನ್ನು ಮತ್ತೆ ಒಳಗೆ ಸೇರಿಸಿ, ಸೀಸದ ಚೂರು ಮಡಿಚಿ ಮಾಡಿದ ಬೆಣೆಗಳನ್ನು ಸುಮಾರು 450 ಮಿ.ಮೀ.ಗೊಂದರಂತೆ ಬಡಿದು, ಗಾರೆ ತುಂಬಿ.

ತೂತು ಬಿದ್ದಿದ್ದರೆ, ಹರಿದಿದ್ದರೆ ಬದಲಿಸಿ. ಪಕ್ಕದ ಹೆಂಚುಗಳನ್ನು ಎತ್ತಬೇಕಾಗುತ್ತದೆ. ಕ್ರಮ ಇದು: ಮೊದಲು ಮುಂದಿನ, ಅಂದರೆ ಇಳಿಜಾರಿನ ಕೆಳಬದಿಯ ತಗಡು, ಆಮೇಲೆ ಎರಡೂ ಬದಿಯ ಮೆಟ್ಟಿಲು ತುಂಡುಗಳು ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಕನಿಷ್ಠ 75 ಮಿ.ಮೀ. ಹೊದಿಕೆಯಿರುವಂತೆ, ಆಮೇಲೆ ಹಿಂಬದಿ, ಕೊನೆಗೆ ಮೇಲಿನ ಪದರ. ಚಾವಣಿಯ ಮಟ್ಟದಿಂದ 150 ಮಿ.ಮೀ. ಎತ್ತರದವರೆಗಾದರೂ ತಗಡು ಏರಿರಬೇಕು. ಸೀಸದ ಹಾಳೆ ಬಾಗಿಸಲು ಸುಲಭ, ಬಾಳಿಕೆಯೂ ಹೆಚ್ಚು, ಆದರೆ ಒಂದೂವರೆ ಮೀಟರಿಗಿಂತ ಉದ್ದದ ತುಂಡು ಹಾಕಿದರೆ ಬಿಸಿಲಿಗೆ ಹಿಗ್ಗಿ ಕುಗ್ಗಿ ಸೀಳುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ. ಅಲ್ಯೂಮಿನಿಯಂ ತಗಡು ಹಸಿ ಗಾರೆಗೆ ತಾಗಿದರೆ ಸವೆಯುತ್ತದೆ. ತಾಮ್ರವನ್ನೂ ಅಲ್ಯೂಮಿನಿಯಂ ಅಥವಾ ಜಿಂಕ್ ತಗಡನ್ನೂ ಒಟ್ಟಿಗೆ ಹಾಕಬೇಡಿ, ಒಂದು ಇನ್ನೊಂದನ್ನು ತಿನ್ನುತ್ತದೆ.

ಹಿಂಬದಿಯನ್ನು ಯಾರೂ ನೋಡುವುದಿಲ್ಲ, ಕೆಳಗಿನಿಂದ ಕಾಣುವುದೂ ಇಲ್ಲ. ಚಾವಣಿಯಿಂದ ಇಳಿದು ಬರುವ ನೀರೆಲ್ಲ ಅಲ್ಲಿಗೇ ಬಂದು ಗುದ್ದುತ್ತದೆ, ಎಲೆ ಕಸವೂ ಅಲ್ಲೇ ಕೊಳೆಯುತ್ತದೆ. ಕಸ ತೆಗೆದ ಮಾತ್ರಕ್ಕೆ ಸೋರುವುದು ನಿಂತ ಮನೆಗಳೂ ಇವೆ. ಚಿಮಣಿ 75 ಸೆಂ.ಮೀ.ಗಿಂತ ಅಗಲವಿದ್ದರೆ ಹಿಂದೆ ನೀರನ್ನು ಎರಡು ಬದಿಗೆ ಸೀಳಿ ಕಳಿಸುವ, ತಗಡು ಹೊದಿಸಿದ ಚಿಕ್ಕ ಇಳಿಜಾರು ಇರಲೇಬೇಕು. ಇಲ್ಲದಿದ್ದರೆ ಬಡಗಿಯಿಂದ ಮಾಡಿಸಿ.

ಎಲ್ಲ ಸರಿ ಇದ್ದರೂ ಸೋರಿದರೆ?

ಹೀಗೂ ಆಗುತ್ತದೆ. ತಗಡು ಹೊಸದು, ಸಂದು ಹೊಸದು, ತಲೆ ಹೊಸದು, ಆದರೂ ದೀರ್ಘ ಮಳೆಯಲ್ಲಿ ಅಟ್ಟದೊಳಗಿನ ಇಟ್ಟಿಗೆ ಒದ್ದೆ. ನೀರು ಇಟ್ಟಿಗೆಯೊಳಗೇ ಇಂಗಿ, ತಗಡಿನ ಹಿಂದಿನಿಂದ ಕೆಳಗೆ ಇಳಿಯುತ್ತಿರುತ್ತದೆ. ಈಗಿನ ಚಿಮಣಿಗಳಲ್ಲಿ ಇದನ್ನು ತಡೆಯಲು ಚಾವಣಿ ಮಟ್ಟದಲ್ಲಿ ಇಡೀ ಚಿಮಣಿಯ ಅಡ್ಡಕ್ಕೆ ತಗಡಿನ ತಟ್ಟೆ ಇಡುತ್ತಾರೆ, ಹಳೇ ಚಿಮಣಿಗಳಲ್ಲಿ ಹೆಚ್ಚಾಗಿ ಅದಿಲ್ಲ. ಬಿಚ್ಚಿ ಕಟ್ಟಿಸುವ ಸಂದರ್ಭ ಬಂದರೆ ಆ ತಟ್ಟೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಬಿಚ್ಚುವ ಮಟ್ಟಿಗೆ ಹೋಗದಿದ್ದರೆ ಸಿಲೇನ್ ಅಥವಾ ಸಿಲೋಕ್ಸೇನ್ ಇರುವ ನೀರು ತಡೆ ದ್ರಾವಣ ಹೊಡೆಯಬಹುದು. ಅದು ಇಟ್ಟಿಗೆಯೊಳಗೆ ಇಳಿದು ಹನಿಯನ್ನು ತಡೆಯುತ್ತದೆ, ಆವಿಯನ್ನು ಹೊರಬಿಡುತ್ತದೆ. ಇದು ಕಟ್ಟಕಡೆಯ ಕೆಲಸ, ಎಲ್ಲ ರಿಪೇರಿ ಮುಗಿದು ಗೋಡೆ ಒಣಗಿದ ಮೇಲೆ ಮಾತ್ರ. ಕೆಳಗಿನಿಂದ ಮೇಲಕ್ಕೆ ತೋಯುವಂತೆ ಹೊಡೆದು, ಒಣಗುವ ಮೊದಲೇ ಎರಡನೇ ಸಲ ಹೊಡೆಯಿರಿ. ಹೊಳಪು ಬರುವ, ಮೇಲೆ ಪೊರೆ ಕಟ್ಟುವ ಯಾವ ಬಣ್ಣವೂ, ವಾರ್ನಿಷೂ ಚಿಮಣಿಗೆ ಬೇಡ. ಬಿರುಕು ಬಿಟ್ಟ ಗಾರೆಯ ಮೇಲೆ ಈ ದ್ರಾವಣ ಹೊಡೆದು ಕೆಲಸ ಮುಗಿಯಿತು ಅನ್ನುವವರನ್ನು ನಂಬಬೇಡಿ.

ಗಾರೆ ಚೆನ್ನಾಗಿ ಗಟ್ಟಿಯಾದ ಮೇಲೆ ಪೈಪ್ ಪರೀಕ್ಷೆ ಇನ್ನೊಮ್ಮೆ ಮಾಡಿ, ಮತ್ತೆ ಕೆಳಗಿನಿಂದಲೇ. ಬೆಂಕಿ ಹಾಕುವ ಮೊದಲು ಕೆತ್ತಿದ ಚೂರುಗಳು ಹೊಗೆದಾರಿಯಲ್ಲಿ ಬಿದ್ದಿವೆಯಾ ನೋಡಿ, ಒಳಗಿನ ಲೈನರ್ ಒಡೆದಿಲ್ಲ ಅಂತ ಚಿಮಣಿ ಶುಚಿ ಮಾಡುವವರಿಂದ ತಪಾಸಣೆ ಮಾಡಿಸಿ, ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಹಾಕಿಸಿ. ಒಳಗಿನ ಕಲೆ ಕೂಡಲೇ ಹೋಗುವುದಿಲ್ಲ, ನೆನೆದ ಗೋಡೆ ಒಣಗಲು ತಿಂಗಳುಗಳೇ ಬೇಕು. ಕಲೆಯ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಡಿ. ಕೆಲವು ದೊಡ್ಡ ಮಳೆ ಕಳೆದರೂ ಕಲೆ ಗೆರೆ ದಾಟದಿದ್ದರೆ ಆಗ ಬಣ್ಣದ ಡಬ್ಬಿ ತೆಗೆಯಿರಿ.